ಶಿಖರದ ಮುಂಚಿನ ಕೊನೆಯ ಕಿಲೋಮೀಟರ್ ಯಾಕೆ ಮುಗಿಯುವುದೇ ಇಲ್ಲ?

ಬೆಳಿಗ್ಗೆಯಿಂದ ನಡೆದು ಸುಸ್ತಾದವರು ಮುಳ್ಳಯ್ಯನಗಿರಿಯ ಏಣಿನ (ಬೆಟ್ಟದ ಉದ್ದನೆಯ ಬೆನ್ನಿನ) ಮೇಲೆ ಸಿಕ್ಕರೆ ಸಾಮಾನ್ಯವಾಗಿ ಕೇಳುವುದು ಒಂದೇ ಮಾತು. "ಇನ್ನೆಷ್ಟು ದೂರ ಇದೆ ಅಣ್ಣಾ?" ಎದುರಿಂದ ಇಳಿದು ಬರುವವರು "ಇಲ್ಲೇ, ಹತ್ತು ನಿಮಿಷ" ಅನ್ನುತ್ತಾರೆ. ಅರ್ಧ ಗಂಟೆ ಕಳೆದರೂ ನೆತ್ತಿ ಸಿಗುವುದಿಲ್ಲ. ಕೆಲವರು ಅಲ್ಲೇ ಕಲ್ಲಿನ ಮೇಲೆ ಕೂತು, ನನ್ನ ಕೈಲಿ ಆಗಲ್ಲ, ನನಗೆ ಅಷ್ಟು ಗಟ್ಟಿ ಮನಸ್ಸಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಚಿಕ್ಕಮಗಳೂರಿನವನಾಗಿ ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದೂರದಿಂದ ಆಸೆಪಟ್ಟು ಬಂದವರು ತಮ್ಮ ಬಗ್ಗೆಯೇ ಕೀಳಾಗಿ ಅಂದುಕೊಂಡು ಇಳಿಯಬಾರದು.

ಆ ಕೊನೆಯ ಏರಿನಲ್ಲಿ ಕಾಲು ನಿಲ್ಲುವುದಕ್ಕೆ ಕಾರಣಗಳಿವೆ. ಬೆಟ್ಟದ ಆಕಾರ ಒಂದು ಕಾರಣ. ಹೊಟ್ಟೆಯಲ್ಲಿ ಏನಿದೆ ಎಂಬುದು ಇನ್ನೊಂದು. ಗುರಿ ಹತ್ತಿರ ಬಂದಾಗ ಮನಸ್ಸು ಹೇಗೆ ಓಡುತ್ತದೆ ಎಂಬುದೂ ಇದೆ. ಇವನ್ನು ತಿಳಿದುಕೊಂಡರೆ ಮೊದಲ ಸಲ ಬೆಟ್ಟ ಹತ್ತುವವರೂ ನೆತ್ತಿ ಮುಟ್ಟಿ ಚೆನ್ನಾಗಿ ಇಳಿದು ಬರಬಹುದು.

ಎತ್ತರ ಬೇರೆ, ಏರು ಬೇರೆ

ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಆದರೆ ಈ ಅಂಕಿ ಸಮುದ್ರ ಮಟ್ಟದಿಂದ ಅಳೆದದ್ದು. ಚಿಕ್ಕಮಗಳೂರು ಪೇಟೆಯೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅಂದರೆ ಪೇಟೆಯಿಂದ ನೆತ್ತಿಗೆ ಇರುವ ವ್ಯತ್ಯಾಸ ಸುಮಾರು 840 ಮೀಟರ್. ಸರ್ಪದಾರಿ ಎಂಬ ಕಾಲುದಾರಿಯಿಂದ ಹತ್ತುವವರು ಅದರಲ್ಲೂ ಒಂದು ಭಾಗವನ್ನು ಮಾತ್ರ ನಡೆದು ಏರುತ್ತಾರೆ. ಉಳಿದದ್ದನ್ನು ಬಸ್ಸೋ ಜೀಪೋ ಮುಗಿಸಿರುತ್ತದೆ.

ಇದನ್ನು ಅಮೆರಿಕದ ಒಂದು ಬೆಟ್ಟದ ಜೊತೆ ಇಟ್ಟು ನೋಡಿ. ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಲ್ಲಿ ಶುರುವಾಗುತ್ತದೆ. 14 ರಾಜ್ಯಗಳನ್ನು ಹಾದು, ಸುಮಾರು 3,500 ಕಿಲೋಮೀಟರ್ ಸಾಗಿ, ಮೇನ್ ರಾಜ್ಯದ ಕಟಾಡಿನ್ ಶಿಖರದ ಮೇಲೆ ಮುಗಿಯುತ್ತದೆ. ಪೂರ್ತಿ ನಡೆಯುವವರಿಗೆ ಐದಾರು ತಿಂಗಳು ಹಿಡಿಯುತ್ತದೆ. 1948ರಲ್ಲಿ ಅರ್ಲ್ ಶೇಫರ್ ಎಂಬವರು ಒಂದೇ ಸಲಕ್ಕೆ ಇದನ್ನು ನಡೆದು ಮುಗಿಸಿದ್ದರು. ಈ ಕಟಾಡಿನ್ ಎತ್ತರ ಸುಮಾರು 1,605 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 300 ಮೀಟರ್‌ಗೂ ಜಾಸ್ತಿ ತಗ್ಗು! ಹಾಗಾದರೆ ಸುಲಭ ಇರಬೇಕು ಅಲ್ವಾ? ಇಲ್ಲ. ಅಲ್ಲಿ ಬೆಟ್ಟದ ಬುಡವೇ ಬಹಳ ತಗ್ಗಿನಲ್ಲಿದೆ. ಕೊನೆಯ ದಿನ ಸುಮಾರು 8 ಕಿಲೋಮೀಟರ್ ದಾರಿಯಲ್ಲಿ 1,270 ಮೀಟರ್‌ನಷ್ಟು ಏರಬೇಕು. ತಿಂಗಳುಗಟ್ಟಲೆ ನಡೆದು ಸವೆದ ದೇಹಕ್ಕೆ, ಇಡೀ ದಾರಿಯ ಅತಿ ದೊಡ್ಡ ಏರುಗಳಲ್ಲಿ ಒಂದು ಕಟ್ಟಕಡೆಗೆ ಎದುರಾಗುತ್ತದೆ.

ಹಾಗಾಗಿ ಬೆಟ್ಟದ ಬಗ್ಗೆ ಕೇಳುವಾಗ ಎತ್ತರವನ್ನು ಕೇಳಿ ಸುಮ್ಮನಾಗಬೇಡಿ. ನಡೆಯಲು ಶುರುಮಾಡುವ ಜಾಗದಿಂದ ಒಟ್ಟು ಎಷ್ಟು ಏರಬೇಕು ಎಂದು ಕೇಳಿ. 'ಒಟ್ಟು' ಅಂದದ್ದಕ್ಕೆ ಕಾರಣ ಇದೆ. ಕೆಮ್ಮಣ್ಣುಗುಂಡಿ 1,434 ಮೀಟರ್. ಬಾಬಾಬುಡನ್‌ಗಿರಿ 1,895. ಮುಳ್ಳಯ್ಯನಗಿರಿ 1,930. ಕುದುರೆ ಲಾಳದಂತೆ ಬಾಗಿದ ಈ ಚಂದ್ರದ್ರೋಣ ಶ್ರೇಣಿಯ ಬೆನ್ನಿನ ಮೇಲೆ ಒಂದು ತುದಿಯಿಂದ ನಡೆದು ಬರುವವರಿಗೆ, ಹಾಳೆಯ ಮೇಲೆ ಕಾಣುವ ವ್ಯತ್ಯಾಸ ಬರೀ 500 ಮೀಟರ್. ಬಾಬಾಬುಡನ್‌ಗಿರಿಯಿಂದ ಮುಳ್ಳಯ್ಯನಗಿರಿಗೆ ನೋಡಿದರೆ 35 ಮೀಟರ್ ಅಷ್ಟೇ! ಆದರೆ ಏಣು ನೇರವಾಗಿ ಹೋಗುವುದಿಲ್ಲ. ಇಳಿಯುತ್ತದೆ, ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಒಂದು ತಗ್ಗಿಗೆ 150 ಮೀಟರ್ ಇಳಿದರೆ ಅಷ್ಟನ್ನೂ ಮತ್ತೆ ಹತ್ತಬೇಕು. ಹಾಳೆ ಇದನ್ನು ಹೇಳುವುದಿಲ್ಲ, ತೊಡೆ ಹೇಳುತ್ತದೆ. ಏಣಿನ ನಡಿಗೆಯಲ್ಲಿ ಕೊನೆಯ ಏರಿಗೆ ಬರುವ ಹೊತ್ತಿಗೆ ಕಾಲು ಆಗಲೇ ಒಂದೆರಡು ಬೆಟ್ಟ ಹತ್ತಿ ಮುಗಿಸಿರುತ್ತದೆ.

ಸಮಯದ ಲೆಕ್ಕಕ್ಕೆ ಒಂದು ಹಳೆಯ ಸೂತ್ರ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ ಹೇಳಿದ್ದು. ಸಮತಟ್ಟು ದಾರಿಯಲ್ಲಿ 5 ಕಿಲೋಮೀಟರ್‌ಗೆ 1 ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಷ್ಟೇ. ಈಗ ಕೊನೆಯ ಒಂದು ಕಿಲೋಮೀಟರ್‌ನಲ್ಲಿ 200 ಮೀಟರ್ ಏರು ಇದೆ ಅಂದುಕೊಳ್ಳಿ. ದೂರಕ್ಕೆ 12 ನಿಮಿಷ, ಏರಿಗೆ 20 ನಿಮಿಷ. ಒಟ್ಟು 32 ನಿಮಿಷ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಆಗುವ ಸಮಯ. ಬೆನ್ನಿಗೆ ಚೀಲ, ಜೊತೆಗೆ ಮಕ್ಕಳು, ಮಧ್ಯೆ ಎರಡು ಸಲ ನೀರು ಅಂದರೆ 45 ನಿಮಿಷ ಆರಾಮಾಗಿ ಆಗುತ್ತದೆ. ಪೇಟೆಯಲ್ಲಿ ಒಂದು ಕಿಲೋಮೀಟರ್‌ಗೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ ಎಂದು ರೂಢಿಯಾದ ತಲೆ, ಹದಿನೈದು ನಿಮಿಷಕ್ಕೇ 'ಇಷ್ಟೊತ್ತಿಗೆ ಬರಬೇಕಿತ್ತು' ಎಂದು ಗಲಾಟೆ ಶುರು ಮಾಡುತ್ತದೆ. ಲೆಕ್ಕ ಮೊದಲೇ ಗೊತ್ತಿದ್ದರೆ ಆ ಗಲಾಟೆ ಅರ್ಧ ಕಡಿಮೆ.

ನೆತ್ತಿ ಅಂದುಕೊಂಡದ್ದು ನೆತ್ತಿ ಅಲ್ಲ

ನಮ್ಮ ಬೆಟ್ಟಗಳಲ್ಲಿ ಅತಿ ಹೆಚ್ಚು ಜನರ ಧೈರ್ಯ ಕುಂದಿಸುವುದು ಸುಳ್ಳು ನೆತ್ತಿ. ಮುಂದೆ ಆಕಾಶಕ್ಕೆ ತಾಗಿದ ಒಂದು ಅಂಚು ಕಾಣುತ್ತದೆ. ಅದೇ ಕೊನೆ ಎಂದು ಉಳಿದ ಶಕ್ತಿಯನ್ನೆಲ್ಲ ಹಾಕಿ ಹತ್ತುತ್ತೀರಿ. ಅಲ್ಲಿ ಹೋಗಿ ನಿಂತರೆ ಹಿಂದೆ ಇನ್ನೊಂದು ಗುಡ್ಡ ತಲೆ ಎತ್ತಿ ನಿಂತಿರುತ್ತದೆ.

ಇದು ಬರೀ ನೋಟದ ಕೋನದ ಆಟ. ಇಳಿಜಾರು ಒಳಕ್ಕೆ ಬಾಗಿದ್ದರೆ ಬುಡದಿಂದಲೇ ತುದಿ ಕಾಣುತ್ತದೆ. ಹೊರಕ್ಕೆ ಉಬ್ಬಿದ್ದರೆ ಕಾಣುವುದಿಲ್ಲ. ಉಬ್ಬಿನ ಹತ್ತಿರದ ಅಂಚೇ ಹಿಂದಿನದನ್ನೆಲ್ಲ ಮರೆಮಾಡುತ್ತದೆ. ನೀವು ಬೆಟ್ಟಕ್ಕೆ ಹತ್ತಿರವಾದಷ್ಟೂ ಮರೆಯಾಗುವ ಭಾಗ ಜಾಸ್ತಿ. ಅದಕ್ಕೇ ದೂರದ ರಸ್ತೆಯಿಂದ ಚೆನ್ನಾಗಿ ಕಾಣುತ್ತಿದ್ದ ಶಿಖರ ಬುಡಕ್ಕೆ ಬಂದಾಗ ಮಾಯವಾಗಿರುತ್ತದೆ. ಪಶ್ಚಿಮ ಘಟ್ಟದ ಈ ಭಾಗದ ಬೆಟ್ಟಗಳು ಬಹುಪಾಲು ಹೀಗೆ ದುಂಡಗೆ ಉಬ್ಬಿದವು. ಇಲ್ಲಿನ ಬಂಡೆ 250 ಕೋಟಿ ವರ್ಷಗಳಿಗಿಂತ ಹಳೆಯದು. ಭೂವಿಜ್ಞಾನಿಗಳು ಧಾರವಾಡ ಶಿಲಾಸಮೂಹ ಎಂದು ಕರೆಯುವುದರ ಭಾಗ. ಅದರೊಳಗಿನ ಕಬ್ಬಿಣದ ಪಟ್ಟಿಗಳಿರುವ ಗಟ್ಟಿ ಬಂಡೆ ಸುಲಭಕ್ಕೆ ಸವೆಯುವುದಿಲ್ಲ. ಹಾಗಾಗಿ ಸುತ್ತಲಿನದು ಸವೆದು ಹೋದರೂ ಏಣು ಎತ್ತರವಾಗಿಯೇ ಉಳಿದಿದೆ. ಮಳೆ ಗಾಳಿಗಳು ಆ ಏಣಿನ ಮೇಲ್ಮೈಯನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿವೆ.

ಇನ್ನೊಂದು ವಿಷಯ ಮರ. ಕೆಳಗೆ ಕಾಫಿ ತೋಟ, ಸಿಲ್ವರ್ ಓಕ್, ಅದರ ಮೇಲೆ ಕಣಿವೆಗಳಲ್ಲಿ ಶೋಲಾ ಕಾಡು. ಮೇಲೆ ಹೋದಂತೆ ಬರೀ ಹುಲ್ಲು. ಕಣ್ಣು ದೂರವನ್ನು ಅಳೆಯುವುದು ಗೊತ್ತಿರುವ ಗಾತ್ರದ ವಸ್ತುಗಳಿಂದ. ಒಂದು ಮರ, ಒಂದು ಮನೆ, ಒಂದು ಹಸು ಇದ್ದರೆ ಅಂದಾಜು ಸಿಗುತ್ತದೆ. ಬರೀ ಹುಲ್ಲಿನ ಇಳಿಜಾರಿನಲ್ಲಿ ಅಂಥ ಗುರುತೇ ಇಲ್ಲ. ಎದುರಿನ ಗುಡ್ಡ 300 ಮೀಟರ್ ದೂರವೋ 1 ಕಿಲೋಮೀಟರ್ ದೂರವೋ ಹೇಳುವುದು ಕಷ್ಟ. ಅಲ್ಲಿ ಯಾರಾದರೂ ನಡೆಯುತ್ತಿದ್ದರೆ ಅವರನ್ನೇ ನೋಡಿ. ಮನುಷ್ಯ ಎಷ್ಟು ಚಿಕ್ಕದಾಗಿ ಕಾಣುತ್ತಾನೆ ಎಂಬುದೇ ಅಲ್ಲಿನ ಒಳ್ಳೆಯ ಅಳತೆಗೋಲು.

ಕಡಿದಾದ ಏರನ್ನು ಅಳೆಯುವಾಗಲೂ ಕಣ್ಣು ತಪ್ಪುತ್ತದೆ. 1990ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೆನಿಸ್ ಪ್ರಾಫಿಟ್ ಮತ್ತು ಅವರ ಜೊತೆಗಾರರು ಜನರನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ, ಇದು ಎಷ್ಟು ಡಿಗ್ರಿ ಇಳಿಜಾರು ಎಂದು ಕೇಳಿದರು. 5 ಡಿಗ್ರಿಯ ಗುಡ್ಡವನ್ನು ಜನ ಸುಮಾರು 20 ಡಿಗ್ರಿ ಅಂದರು. ಸುಸ್ತಾದವರಿಗೆ, ಭಾರ ಹೊತ್ತವರಿಗೆ ಗುಡ್ಡ ಇನ್ನೂ ಕಡಿದಾಗಿ ಕಾಣುತ್ತದೆ ಎಂದೂ ಅವರು ಹೇಳಿದ್ದರು. ಆ ಎರಡನೆಯ ಮಾತನ್ನು ಎಲ್ಲ ಸಂಶೋಧಕರೂ ಒಪ್ಪುವುದಿಲ್ಲ. ಮೊದಲನೆಯದು ಮಾತ್ರ ಗಟ್ಟಿ. ಕೆಳಗಿಂದ ನೋಡಿದಾಗ ಎಲ್ಲ ಏರುಗಳೂ ಇರುವುದಕ್ಕಿಂತ ಕಡಿದಾಗಿಯೇ ಕಾಣುತ್ತವೆ. ಹಾಗಾಗಿ ಕೊನೆಯ ಏರನ್ನು ತಲೆ ಎತ್ತಿ ನೋಡುತ್ತಾ ನಿಲ್ಲಬೇಡಿ. ಹತ್ತು ಹೆಜ್ಜೆ ಮುಂದಿನ ಕಲ್ಲು ನೋಡಿ ಸಾಕು.

ಹೊಟ್ಟೆಯ ಸಂಗತಿ

ಇನ್ನು ದೇಹ. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಅದಕ್ಕೇ ಏದುಸಿರು ಎಂದು ಬಹಳ ಜನ ಹೇಳುತ್ತಾರೆ. ಅರ್ಧ ನಿಜ. 1,930 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು 80 ಶೇಕಡ. ಚಿಕ್ಕಮಗಳೂರು ಪೇಟೆಯಲ್ಲಿ ಅದು ಸುಮಾರು 88 ಶೇಕಡ. ಪೇಟೆಯಲ್ಲಿ ಒಂದು ರಾತ್ರಿ ಮಲಗಿ ಎದ್ದು ಬಂದವರಿಗೆ ಇದು ದೊಡ್ಡ ಬದಲಾವಣೆ ಅಲ್ಲ. ಹಿಮಾಲಯದಲ್ಲಿ ಕಾಡುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ 2,500 ಮೀಟರ್ ದಾಟಿದ ಮೇಲೆ. ಇಲ್ಲಿ ಏದುಸಿರು ಬರುವುದು ಬಹುಪಾಲು ಏರಿನ ವೇಗದಿಂದ. ವೇಗ ತಗ್ಗಿಸಿದರೆ ಉಸಿರು ತಾನಾಗಿ ಹದಕ್ಕೆ ಬರುತ್ತದೆ. ಪರೀಕ್ಷೆ ಸುಲಭ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ನಿಲ್ಲಿಸದೆ ಹೇಳಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಎರಡು ಪದಕ್ಕೆ ಉಸಿರು ಕಟ್ಟಿದರೆ ಜಾಸ್ತಿಯಾಯಿತು. ಸುಮ್ನೆ ನಿಂತಾಗಲೂ ಉಸಿರು ಇಳಿಯದಿದ್ದರೆ, ಎದೆ ಹಿಡಿದುಕೊಂಡಂತಾದರೆ, ಅದು ಬೇರೆ ವಿಷಯ. ಅಲ್ಲಿಂದಲೇ ಇಳಿದು ವೈದ್ಯರನ್ನು ಕಾಣಬೇಕು.

ಕೊನೆಯ ಏರಿನಲ್ಲಿ ಕಾಲಿಗೆ ಬಲವೇ ಇಲ್ಲದಂತಾಗುವುದಕ್ಕೆ ದೊಡ್ಡ ಕಾರಣ ಇಂಧನ. ದೇಹ ಸಕ್ಕರೆಯ ಅಂಶವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಮಾಂಸಖಂಡ ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ. ಎಲ್ಲ ಸೇರಿ ಸುಮಾರು 500 ಗ್ರಾಂ, ಅಂದರೆ 2,000 ಕ್ಯಾಲೊರಿಯಷ್ಟು. ಕೊಬ್ಬು ಮಾತ್ರ ಬೇಕಾದಷ್ಟಿರುತ್ತದೆ, ಸಣಕಲು ದೇಹದವರಲ್ಲೂ. ನಮ್ಮ ಮಲೆನಾಡಿನ ಬಚ್ಚಲೊಲೆ ನೆನಪಿಸಿಕೊಳ್ಳಿ. ತರಗು, ಪುಳ್ಳೆ ಬೇಗ ಹತ್ತಿಕೊಂಡು ಬೇಗ ಉರಿದು ಹೋಗುತ್ತವೆ. ದೊಡ್ಡ ಮರದ ಕುಂಟೆ ನಿಧಾನಕ್ಕೆ ಬಹಳ ಹೊತ್ತು ಉರಿಯುತ್ತದೆ. ಸಕ್ಕರೆ ಪುಳ್ಳೆ, ಕೊಬ್ಬು ಕುಂಟೆ. ನಿಧಾನ ನಡೆದರೆ ಕುಂಟೆಯ ಬಿಸಿಯೇ ಬಹುಪಾಲು ಸಾಕು. ಕಡಿದಾದ ಏರಿನಲ್ಲಿ ಜೋರಾಗಿ ಹತ್ತಿದರೆ ದೇಹ ಪುಳ್ಳೆಯನ್ನೇ ಕೇಳುತ್ತದೆ. ಪುಳ್ಳೆ ಮುಗಿದರೆ ಕುಂಟೆ ಇದ್ದೂ ಒಲೆ ತಣ್ಣಗಾಗುತ್ತದೆ.

ಬೆಳಿಗ್ಗೆ ಐದಕ್ಕೆ ಎದ್ದು, ಒಂದು ಲೋಟ ಕಾಫಿ ಕುಡಿದು, 'ಮೇಲೆ ಹೋಗಿ ತಿನ್ನೋಣ' ಎಂದು ಹೊರಟವರಿಗೆ ಆಗುವುದು ಇದೇ. ಕಾಲು ಮಾತ್ರ ಸೋಲುವುದಿಲ್ಲ. ಮೆದುಳಿಗೂ ಸಕ್ಕರೆ ಬೇಕು. ಅದು ಕಡಿಮೆಯಾದಾಗ ಸಿಟ್ಟು ಬರುತ್ತದೆ, ಅಳು ಬರುತ್ತದೆ, ಸಣ್ಣ ನಿರ್ಧಾರವೂ ಬೆಟ್ಟದಷ್ಟಾಗುತ್ತದೆ. 'ನನಗೆ ಗಟ್ಟಿ ಮನಸ್ಸಿಲ್ಲ' ಎಂದು ಕೂತವರಿಗೆ ಎರಡು ಬಾಳೆಹಣ್ಣು ಕೊಟ್ಟು ಹದಿನೈದು ನಿಮಿಷ ಬಿಟ್ಟು ಮಾತಾಡಿಸಿ ನೋಡಿ. ಬಹಳ ಸಲ ಅವರೇ ಎದ್ದು ಹೊರಡುತ್ತಾರೆ.

ದೀರ್ಘ ಶ್ರಮದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗಬೇಕು ಎಂಬುದು ಕ್ರೀಡಾ ಪೋಷಣೆಯಲ್ಲಿ ಒಪ್ಪಿತ ಲೆಕ್ಕ. ಇದಕ್ಕೆ ದುಬಾರಿ ಪೊಟ್ಟಣಗಳು ಬೇಕಿಲ್ಲ. ಎರಡು ಏಲಕ್ಕಿ ಬಾಳೆಹಣ್ಣು, 25 ಗ್ರಾಂ ಬೆಲ್ಲ ಸೇರಿದರೆ 45 ಗ್ರಾಂನ ಹತ್ತಿರ ಬರುತ್ತದೆ. ಹುರಿಗಡಲೆ ಜೊತೆ ಬೆಲ್ಲ, ಕಡಲೆ ಚಿಕ್ಕಿ, ಚಿತ್ರಾನ್ನ, ಬೆಳಗಿನ ಅಕ್ಕಿರೊಟ್ಟಿ ಎಲ್ಲ ಒಳ್ಳೆಯವೇ. ಹಸಿವಾಗುವ ಮೊದಲೇ, ಸ್ವಲ್ಪ ಸ್ವಲ್ಪ ತಿನ್ನುತ್ತಾ ಇರಬೇಕು. ಕೊನೆಯ ಏರು ಶುರುವಾಗುವ ಅರ್ಧ ಗಂಟೆ ಮೊದಲು ಒಮ್ಮೆ ನಿಂತು ತಿಂದುಬಿಡಿ. ನೆತ್ತಿಯ ಮೇಲೆ ತಿನ್ನಲು ಇಟ್ಟುಕೊಂಡದ್ದರ ಅರ್ಧ ಆಗಲೇ ತಿಂದರೂ ನಷ್ಟವಿಲ್ಲ.

ನೀರಿನ ವಿಷಯದಲ್ಲಿ ನಮ್ಮ ಬೆಟ್ಟಗಳು ಮೋಸ ಮಾಡುತ್ತವೆ. ತಂಪು ಗಾಳಿಗೆ ಬೆವರು ಹಾಗೇ ಆರಿ ಹೋಗುತ್ತದೆ. ಬಾಯಾರಿಕೆ ತಿಳಿಯುವುದಿಲ್ಲ. ಅದಕ್ಕೆ ಉಪ್ಪು ಹಾಕಿದ ಮಜ್ಜಿಗೆಯೋ ಚಿಟಿಕೆ ಉಪ್ಪು ಬೆರೆಸಿದ ನಿಂಬೆ ಪಾನಕವೋ ಜೊತೆಗಿರಲಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೂ ರಕ್ತದಲ್ಲಿ ಉಪ್ಪಿನ ಅಂಶ ತೆಳುವಾಗಿ ತೊಂದರೆಯಾಗುತ್ತದೆ.

ನಡಿಗೆಗೆ ಒಂದು ಉಪಾಯ ಇದೆ. ಪರ್ವತಾರೋಹಿಗಳು ಬಹಳ ಕಾಲದಿಂದ ಬಳಸುವುದು. ಒಂದು ಕಾಲು ಮುಂದಿಟ್ಟ ಮೇಲೆ ತಕ್ಷಣ ಭಾರ ಹಾಕಬೇಡಿ. ಹಿಂದಿನ ಕಾಲಿನ ಮಂಡಿಯನ್ನು ನೆಟ್ಟಗೆ ಮಾಡಿ ಒಂದು ಕ್ಷಣ ಅದರ ಮೇಲೆ ನಿಲ್ಲಿ. ಆಗ ತೂಕ ಮೂಳೆಯ ಮೇಲೆ ಕೂರುತ್ತದೆ, ತೊಡೆಯ ಮಾಂಸಕ್ಕೆ ಅರೆಕ್ಷಣ ಬಿಡುವು ಸಿಗುತ್ತದೆ. ಆಮೇಲೆ ಮುಂದಿನ ಹೆಜ್ಜೆ. ನೋಡುವವರಿಗೆ ಬಹಳ ನಿಧಾನ ಅನ್ನಿಸುತ್ತದೆ. ಆದರೆ ಐವತ್ತು ಹೆಜ್ಜೆ ಓಡಿ ಐದು ನಿಮಿಷ ಕೂರುವವರಿಗಿಂತ ಇವರೇ ಮೊದಲು ನೆತ್ತಿ ಮುಟ್ಟುತ್ತಾರೆ. ಜಾಸ್ತಿ ಹೊತ್ತು ಕೂತರೆ ಬೆವರಿದ ಮೈ ತಣ್ಣಗಾಗಿ ಮೀನಖಂಡ ಬಿಗಿಯುತ್ತದೆ. ನಿಂತೇ ಅರ್ಧ ನಿಮಿಷ ಉಸಿರು ತೆಗೆದುಕೊಂಡು ಹೊರಡುವುದು ವಾಸಿ.

ಗುರಿ ಕಂಡಾಗ ಓಡುವ ಮನಸ್ಸು

1930ರ ದಶಕದಲ್ಲಿ ಕ್ಲಾರ್ಕ್ ಹಲ್ ಎಂಬ ಮನಶ್ಶಾಸ್ತ್ರಜ್ಞರು ಇಲಿಗಳನ್ನು ಓಡಿಸಿ ಒಂದು ವಿಷಯ ಗಮನಿಸಿದರು. ತಿಂಡಿಗೆ ಹತ್ತಿರವಾದಷ್ಟೂ ಇಲಿಗಳ ಓಟ ಜೋರಾಗುತ್ತದೆ. ಮನುಷ್ಯರಲ್ಲೂ ಇದು ಹಾಗೆಯೇ ಇದೆ ಎಂದು ನಂತರದ ಅಧ್ಯಯನಗಳು ತೋರಿಸಿದವು. ಪೇಟೆಯ ಕೆಲಸಗಳಲ್ಲಿ ಇದು ಒಳ್ಳೆಯದೇ. ಬೆಟ್ಟದ ಕೊನೆಯಲ್ಲಿ ಮಾತ್ರ ಇದು ಅಪಾಯ. ದೇಹದಲ್ಲಿ ಅತಿ ಕಡಿಮೆ ಬಲ ಉಳಿದಿರುವಾಗಲೇ ಮನಸ್ಸು ವೇಗ ಹೆಚ್ಚಿಸು ಅನ್ನುತ್ತದೆ. ಸುಳ್ಳು ನೆತ್ತಿಯೂ ಇದರ ಜೊತೆ ಸೇರಿದರೆ, ಇಲ್ಲದ ಕೊನೆಗಾಗಿ ಇದ್ದ ಬಲವನ್ನೆಲ್ಲ ಖರ್ಚು ಮಾಡಿ ನಿಜವಾದ ಏರಿನ ಬುಡದಲ್ಲಿ ಬರಿಗೈಯಲ್ಲಿ ನಿಲ್ಲುತ್ತೀರಿ.

ಇದರ ಇನ್ನೊಂದು ರೂಪ ಇನ್ನೂ ಕೆಟ್ಟದ್ದು. ಮೋಡ ಕವಿದಿದೆ, ಹೊತ್ತು ಮುಳುಗುತ್ತಿದೆ, ಜೊತೆಯವರಿಗೆ ಮಂಡಿ ನೋವು. ಆದರೂ 'ಇಷ್ಟು ದೂರ ಬಂದಾಗಿದೆ, ಇನ್ನು ಸ್ವಲ್ಪ ತಾನೇ' ಎಂದು ಮುಂದೆ ಹೋಗುವುದು. ಆ ಹೊತ್ತಿನಲ್ಲಿ ಆ ಮಾತು ನೂರಕ್ಕೆ ನೂರು ಸರಿ ಎಂದೇ ಅನ್ನಿಸುತ್ತದೆ. ಅದಕ್ಕೇ ಅನುಭವಿಗಳು ನಿರ್ಧಾರವನ್ನು ಬೆಳಿಗ್ಗೆಯೇ, ತಲೆ ತಣ್ಣಗಿರುವಾಗಲೇ ಮಾಡಿಡುತ್ತಾರೆ. ಇಂತಿಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು ಎಂದು. ಎವರೆಸ್ಟಿನಲ್ಲೂ ಮಧ್ಯಾಹ್ನದ ಒಂದು ಹೊತ್ತನ್ನು ಹೀಗೆ ಗೊತ್ತು ಮಾಡಿರುತ್ತಾರೆ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಬೇಗ ಕತ್ತಲಾಗುತ್ತದೆ. ಸಮಭಾಜಕಕ್ಕೆ ಹತ್ತಿರವಾದಷ್ಟೂ ಸಂಜೆಬೆಳಕು ಚಿಕ್ಕದು. ಕಾಲುಗಂಟೆ, ಇಪ್ಪತ್ತು ನಿಮಿಷಕ್ಕೆ ದಾರಿ ಕಾಣದಂತಾಗುತ್ತದೆ. ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ ಕೆಳಗಿನ ಕಾಡು, ತೋಟಗಳ ಬದಿ ಕಾಟಿ (ಕಾಡುಕೋಣ) ಮತ್ತು ಆನೆ ಓಡಾಡುವ ಹೊತ್ತೂ ಹೌದು. ಹಾಗಾಗಿ ಇಳಿಯಲು ಬೇಕಾದ ಸಮಯವನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಮಾತ್ರ ಏರಲು ಕೊಡಿ.

ದಣಿದ ಮನಸ್ಸು ಮಾಡುವ ಇನ್ನೊಂದು ಕೆಲಸ ನನಗೆ ತುಂಬ ನೋವು ಕೊಡುತ್ತದೆ. ಸುತ್ತು ದಾರಿ ಬಿಟ್ಟು ಹುಲ್ಲಿನ ಮೇಲೆ ನೇರ ಹತ್ತುವುದು, ಇಳಿಯುವುದು. ದಾರಿ ಸುತ್ತಿಕೊಂಡು ಹೋಗುವುದು ಏರನ್ನು ಹಗುರ ಮಾಡಲು. ನೇರ ಹತ್ತಿದರೆ ಬಲ ಜಾಸ್ತಿ ಹೋಗುತ್ತದೆಯೇ ಹೊರತು ಉಳಿಯುವುದಿಲ್ಲ. ಬೂಟಿನಡಿ ಹುಲ್ಲು ಹರಿದರೆ ಮುಂದಿನ ಮುಂಗಾರಿಗೆ ಅದೇ ಗೆರೆಯಲ್ಲಿ ನೀರು ಹರಿದು ಮಣ್ಣು ಕೊಚ್ಚಿ ಹೋಗುತ್ತದೆ. ಈ ಹುಲ್ಲಿನಡಿಯ ಮಣ್ಣೇ ಮಳೆಯ ನೀರನ್ನು ಹೀರಿ ಹಿಡಿದಿಟ್ಟು ನಿಧಾನಕ್ಕೆ ಬಿಡುವುದು. ವೇದಾವತಿಯ ಮೂಲ ಈ ಶ್ರೇಣಿಯಲ್ಲಿದೆ. ಯಗಚಿಯ ಮೂಲವೂ ಇಲ್ಲೇ. ಒಂದು ತುಂಗಭದ್ರೆಯ ಕಡೆ ಹೋಗಿ ಕೃಷ್ಣೆ ಸೇರುತ್ತದೆ. ಇನ್ನೊಂದು ಬೇಲೂರಿನ ಮೇಲೆ ಹಾಸನ ಜಿಲ್ಲೆಯಲ್ಲಿ ಹರಿದು ಹೇಮಾವತಿಗೆ, ಅಲ್ಲಿಂದ ಕಾವೇರಿಗೆ. 2022ರಲ್ಲಿ ಈ ಗುಡ್ಡಗಳನ್ನೆಲ್ಲ ನೀಲಿ ಮಾಡಿದ ನೀಲಕುರಿಂಜಿ ಬೆಳೆಯುವುದೂ ಇದೇ ಹುಲ್ಲಿನ ನಡುವೆ. 12 ವರ್ಷಕ್ಕೊಮ್ಮೆ ಹೂಬಿಡುವ ಆ ಗಿಡ ಹೂವಿಲ್ಲದಾಗ ಸಾಮಾನ್ಯ ಪೊದೆಯ ಹಾಗೆ ಕಾಣುತ್ತದೆ. ತುಳಿದವರಿಗೆ ತುಳಿದದ್ದು ಗೊತ್ತೇ ಆಗುವುದಿಲ್ಲ. ದಯವಿಟ್ಟು ದಾರಿ ಬಿಡಬೇಡಿ.

ಏಣಿನ ಮೇಲಿನ ಹವೆ

ಅರಬ್ಬೀ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೇರಿದ ಗಾಳಿ ತಣ್ಣಗಾಗುತ್ತದೆ, ಅದರೊಳಗಿನ ಆವಿ ಹನಿಯಾಗಿ ಮೋಡವಾಗುತ್ತದೆ. ಮೋಡದ ತಳ ನೆತ್ತಿಗಿಂತ ಕೆಳಗಿದ್ದರೆ ನೀವು ಮೋಡದ ಒಳಗೇ ಇರುತ್ತೀರಿ. ಮಂಜು ಅಂದರೆ ಅದೇ. ಹತ್ತು ನಿಮಿಷದಲ್ಲಿ ಬರುತ್ತದೆ, ಹತ್ತು ನಿಮಿಷದಲ್ಲಿ ಹೋಗುತ್ತದೆ, ಕೆಲವೊಮ್ಮೆ ದಿನವಿಡೀ ಹೋಗುವುದಿಲ್ಲ. ಹುಲ್ಲುಗಾವಲಿನಲ್ಲಿ ದನದ ದಾರಿಗಳು ಬೇಕಾದಷ್ಟು. ಮಂಜಿನಲ್ಲಿ ಯಾವುದು ಸರಿ ಎಂದು ಗೊತ್ತಾಗುವುದಿಲ್ಲ. ಆಗ ನಿಲ್ಲಿ. ಗುಂಪು ಒಟ್ಟಿಗಿರಲಿ. ನೀರು ಹರಿಯುವ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ನಂಬಿಕೆ ನಮ್ಮ ಘಟ್ಟದಲ್ಲಿ ಕೆಲಸ ಮಾಡುವುದಿಲ್ಲ. ಆ ಜಾಡು ದಟ್ಟ ಶೋಲಾದೊಳಗೆ, ಇಂಬಳಗಳ (ಜಿಗಣೆಗಳ) ನಡುವೆ, ಕೊನೆಗೆ ಒಂದು ಜಲಪಾತದ ತಲೆಗೆ ತಂದು ನಿಲ್ಲಿಸುತ್ತದೆ.

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸರಾಸರಿ ಲೆಕ್ಕದಲ್ಲಿ ಪ್ರತಿ ಸಾವಿರ ಮೀಟರ್‌ಗೆ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಪೇಟೆಗಿಂತ ನೆತ್ತಿಯಲ್ಲಿ ಐದಾರು ಡಿಗ್ರಿ ಕಡಿಮೆ. ಅದರ ಮೇಲೆ ಗಾಳಿ, ಅದರ ಮೇಲೆ ಬೆವರಿಗೆ ಒದ್ದೆಯಾದ ಅಂಗಿ. ಒದ್ದೆ ಹತ್ತಿಬಟ್ಟೆ ಮೈಶಾಖವನ್ನು ಬೇಗ ಎಳೆದುಹಾಕುತ್ತದೆ. ಹಿಮ ಬೀಳದ ನಾಡಿನಲ್ಲೂ ಒದ್ದೆ ಮೈ, ಜೋರು ಗಾಳಿ, ಖಾಲಿ ಹೊಟ್ಟೆ ಸೇರಿದರೆ ಮೈ ನಡುಗಿ ನಾಲಿಗೆ ತೊದಲುವ ಸ್ಥಿತಿ ಬರಬಹುದು. ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಣ ಅಂಗಿ ಒಂದಿದ್ದರೆ ಸಾಕು, ಅರ್ಧ ಸಮಸ್ಯೆ ಮುಗಿಯಿತು.

ಇನ್ನು ಸಿಡಿಲು. ಮಾರ್ಚ್‌ನಿಂದ ಮೇವರೆಗೆ, ಕಾಫಿ ಬೆಳೆಗಾರರು ಹೂಮಳೆಗೆ ಕಾಯುವ ದಿನಗಳಲ್ಲಿ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಕಟ್ಟುವುದು ಸಾಮಾನ್ಯ. ಮರವಿಲ್ಲದ ಏಣಿನ ಮೇಲೆ ಅತಿ ಎತ್ತರದ ವಸ್ತು ನೀವೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. 30 ಸೆಕೆಂಡಿನೊಳಗೆ ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ. ನೆತ್ತಿ ನೂರು ಮೀಟರ್ ದೂರ ಇದ್ದರೂ ಬಿಟ್ಟು ಏಣಿನಿಂದ ಕೆಳಗಿಳಿಯಿರಿ. ಒಂಟಿ ಮರದಡಿ ನಿಲ್ಲಬೇಡಿ. ಒಬ್ಬರಿಗೊಬ್ಬರು ದೂರ ದೂರ ಇರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮತ್ತೆ ಮೇಲೆ ಹೋಗಬಾರದು.

ಮೇಲೆ ತಲುಪಿದ ಮೇಲೆ

ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಮುಳ್ಳಪ್ಪಸ್ವಾಮಿಯ ಗುಡಿ ಇದೆ. ಕಾರಿನಲ್ಲಿ ಬಂದು ನೂರಾರು ಮೆಟ್ಟಿಲು ಹತ್ತಿದವರೂ ಅಲ್ಲೇ, ಏಣಿನುದ್ದ ನಡೆದು ಬಂದವರೂ ಅಲ್ಲೇ. ದೀಪಾವಳಿಯ ಸಮಯದಲ್ಲಿ ಮಲ್ಲೇನಹಳ್ಳಿಯ ಹತ್ತಿರದ ದೇವಿರಮ್ಮನ ಬೆಟ್ಟಕ್ಕೆ ಸಾವಿರಾರು ಜನ ಹತ್ತುತ್ತಾರೆ, ಬಹಳ ಮಂದಿ ಬರಿಗಾಲಲ್ಲಿ, ಸೌದೆ ಹೊತ್ತುಕೊಂಡು. ಅಜ್ಜಿಯಂದಿರೂ ಇರುತ್ತಾರೆ. ಅವರ ನಡಿಗೆಯನ್ನು ಗಮನಿಸಿ. ಯಾರೂ ಓಡುವುದಿಲ್ಲ. ಸಣ್ಣ ಹೆಜ್ಜೆ, ಒಂದೇ ಲಯ, ಬಾಯಲ್ಲಿ ದೇವರ ಹೆಸರು. ಮಾತಾಡುತ್ತಾ ಹತ್ತಬಲ್ಲ ವೇಗ ಅಂದರೆ ಏನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ತಿಂಗಳುಗಟ್ಟಲೆ ನಡೆದು ಕೊನೆಯ ಶಿಖರ ಮುಟ್ಟಿದವರಲ್ಲಿ ಕೆಲವರಿಗೆ ಸಂತೋಷದ ಹಿಂದೆಯೇ ಒಂದು ಖಾಲಿತನ ಬರುತ್ತದೆ. ಅಪಲಾಚಿಯನ್ ದಾರಿ ಮುಗಿಸಿದವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ಏನು ಮಾಡಬೇಕು ಎಂಬುದು ಸ್ಪಷ್ಟವಾಗಿತ್ತು, ಜೊತೆಯವರಿದ್ದರು, ಮೈ ದಣಿದು ರಾತ್ರಿ ನಿದ್ದೆ ಬರುತ್ತಿತ್ತು. ಮೂರೂ ಒಂದೇ ದಿನ ನಿಂತುಹೋಗುತ್ತವೆ. ಇದು ಕಾಯಿಲೆ ಅಲ್ಲ, ಆದರೆ ಸುಳ್ಳೂ ಅಲ್ಲ. ಮನೆಗೆ ಬಂದ ಮೇಲೂ ದಿನಾ ಸ್ವಲ್ಪ ನಡೆಯುವವರಿಗೆ, ಜೊತೆಗೆ ನಡೆದವರ ಸಂಪರ್ಕ ಇಟ್ಟುಕೊಂಡವರಿಗೆ ಇದು ಬೇಗ ಹಗುರವಾಗುತ್ತದೆ. ವಾರಗಳಾದರೂ ಮಂಕು ಬಿಡದಿದ್ದರೆ ಮನೋವೈದ್ಯರ ಹತ್ತಿರ ಮಾತಾಡಲು ಹಿಂಜರಿಯಬಾರದು.

ನೆತ್ತಿಯಲ್ಲಿ ಗಾಳಿಗೆ ಮರೆಯಾಗಿ ಕೂತು ಒಣ ಅಂಗಿ ಹಾಕಿಕೊಳ್ಳಿ, ತಿನ್ನಿ, ಬೂಟಿನ ದಾರ ಬಿಗಿ ಮಾಡಿ. ಇಳಿಯುವಾಗ ಬೆರಳು ಮುಂದಕ್ಕೆ ಜಾರಿ ಉಗುರು ಕಪ್ಪಾಗುವುದು ದಾರ ಸಡಿಲವಾಗಿದ್ದರೆ. ಬೆಟ್ಟಗಳಲ್ಲಿ ಜನ ಜಾರಿ ಬೀಳುವುದು ಏರುವಾಗಿನದಕ್ಕಿಂತ ಇಳಿಯುವಾಗಲೇ ಜಾಸ್ತಿ. ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ದೇಹದ ತೂಕದ ಸುಮಾರು ಮೂರೂವರೆ ಪಟ್ಟು ಭಾರ ಬೀಳುತ್ತದೆ. 60 ಕಿಲೋ ಇರುವವರಿಗೆ ಅದು 200 ಕಿಲೋ ದಾಟುತ್ತದೆ, ಅದೂ ಪ್ರತಿ ಹೆಜ್ಜೆಗೆ. ಒಂದು ಗಟ್ಟಿ ಕೋಲು ಇದರಲ್ಲಿ ಒಂದು ಪಾಲನ್ನು ಕೈಗೆ ವರ್ಗಾಯಿಸುತ್ತದೆ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ.

ಮರುದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗದಿದ್ದರೆ ಅದಕ್ಕೆ ಮುಖ್ಯ ಕಾರಣ ಇಳಿದದ್ದೇ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಹಾಗೆ ಮಾಡುವಾಗ ಅದರ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ. ನೋವು ಒಂದರಿಂದ ಮೂರು ದಿನದೊಳಗೆ ಅತಿ ಹೆಚ್ಚಿರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಮಲಗಿಯೇ ಇರುವುದಕ್ಕಿಂತ ಮನೆ ಸುತ್ತ ನಿಧಾನಕ್ಕೆ ನಡೆದರೆ ಬೇಗ ಸಡಿಲವಾಗುತ್ತದೆ. ನೋವು ಎರಡೂ ತೊಡೆಗಳಲ್ಲಿ ಸಮನಾಗಿದ್ದರೆ ಹೆದರಬೇಕಿಲ್ಲ. ಒಂದೇ ಮಂಡಿ ಊದಿಕೊಂಡಿದ್ದರೆ, ಅದರ ಮೇಲೆ ಭಾರ ಹಾಕಲಾಗದಿದ್ದರೆ, ಅಥವಾ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.